ಗಂಟೆ ಹೊಡೆದೆ, ಸಾರ್

ಲಾಂಚನ್ನು ಜೋರಾಗಿ ಓಡಿಸಲಿಕ್ಕೆ ಏನೂ ಬರಬೇಕಾಗಿಲ್ಲ. ಚುಕ್ಕಾಣಿ ಹಿಡಿದು ನೆಟ್ಟಗೆ ನಿಂತರಾಯಿತು, ಯಾವ ಬೆಪ್ಪನಾದರೂ ಓಡಿಸುತ್ತಾನೆ. ಕಷ್ಟ ಇರುವುದು ನಿಧಾನದಲ್ಲಿ. ಮದ್ರಾಸಿನ ಹಾರ್ಬರಿನಲ್ಲಿ ಅರ್ಧ ಆಯುಷ್ಯ ಲಾಂಚು ನಡೆಸಿದವನು ನಾನು, ಈ ಮಾತು ಹೇಳುವ ಹಕ್ಕು ನನಗಿದೆ. ಮೊಮ್ಮಕ್ಕಳಿಗೆ ಹೇಳಲು ಕೂತರೆ "ಸರಿ ತಾತಾ" ಎಂದು ತಮಿಳಿನಲ್ಲಿ ಒಂದು ಮಾತು ಒಗೆದು ಎದ್ದು ಹೋಗುತ್ತಾರೆ. ಹೋಗಲಿ. ಅವರಿಗೆ ಹೇಳಬೇಕೆಂದಿದ್ದದ್ದು ಲಾಂಚಿನ ವಿಷಯ ಮಾತ್ರವೂ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹಾರ್ಬರಿನ ಒಂದು ಮೂಲೆಯಲ್ಲಿ ಸಣ್ಣ ದೋಣಿಗಳಿಗೆಂದೇ ಸುತ್ತ ಕಲ್ಲಿನ ಕಟ್ಟೆ ಕಟ್ಟಿ ಬಿಟ್ಟಿದ್ದ ಜಾಗವಿತ್ತು. ಬೋಟ್ ಬೇಸಿನ್ ಎನ್ನುತ್ತಿದ್ದೆವು. ಒಳಗೆ ಬರಲು ಇದ್ದದ್ದು ಒಂದೇ ಬಾಯಿ. ಒಳಗೆ ಹತ್ತಾರು ಲಾಂಚುಗಳು, ಸರಕಿನ ದೋಣಿಗಳು, ಸಾಹೇಬರ ಹಾಯಿದೋಣಿಗಳು, ಎಲ್ಲ ಒಂದರ ಪಕ್ಕೆಗೊಂದು ತಾಗಿಕೊಂಡು ನಿಂತಿರುತ್ತಿದ್ದವು. ಹಡಗಿನ ಏಜೆಂಟರನ್ನು, ಕಸ್ಟಮ್ಸಿನವರನ್ನು ದೂರ ನಿಂತ ಹಡಗಿಗೆ ಬಿಟ್ಟು ಕರೆತರುವುದು ನಮ್ಮ ಲಾಂಚಿನ ಕೆಲಸ. ದಿನಕ್ಕೆ ಎಂಟೋ ಹತ್ತೋ ಸಲ ಆ ಬಾಯಿಯಿಂದ ಒಳಗೆ ನುಗ್ಗಿ, ಎರಡು ದೋಣಿಗಳ ನಡುವೆ ಇರುವ ಜಾಗದಲ್ಲಿ ತೂರಿ, ಮೆಟ್ಟಿಲಿಗೆ ಲಾಂಚನ್ನು ತಂದು ನಿಲ್ಲಿಸಬೇಕು. ಮೆಟ್ಟಿಲಿಗೆ ತಾಗಬೇಕು, ಆದರೆ ಒಳಗೆ ಕೂತವರ ಕೈಯ ಚಹಾ ತುಳುಕಬಾರದು.

ನಿಧಾನವಾದಾಗ ಲಾಂಚು ಹೇಳಿದ ಮಾತು ಕೇಳುವುದಿಲ್ಲ. ಚುಕ್ಕಾಣಿಯ ಹಲಗೆಯ ಮೇಲೆ ನೀರು ಹರಿದರೆ ಮಾತ್ರ ಅದು ತಿರುಗುತ್ತದೆ. ನೀರು ಹರಿಯಬೇಕಾದರೆ ಹಿಂದೆ ನೀರಿನಡಿಯ ಫ್ಯಾನು ತಿರುಗಬೇಕು. ಫ್ಯಾನು ತಿರುಗಿದರೆ ಲಾಂಚು ಮುಂದೆ ಹೋಗುತ್ತದೆ, ನಿಮಗೆ ಬೇಕಾಗಿರುವುದು ಮುಂದೆ ಹೋಗದೆ ತಿರುಗುವುದು. ಅದೂ ಸಾಲದೆಂದು, ಚುಕ್ಕಾಣಿ ತಿರುಗಿಸಿದರೆ ಮೂತಿ ತಿರುಗಿತು ಎಂದು ನೋಡುವವರಿಗೆ ಕಾಣುತ್ತದೆ, ನಿಜವಾಗಿ ಬೀಸುವುದು ಹಿಂಬದಿ. ಹೊಸಬರು ಮೂತಿಯನ್ನೇ ನೋಡುತ್ತ ಹಿಂಬದಿಯನ್ನು ಕಟ್ಟೆಗೆ ಗುದ್ದುತ್ತಾರೆ. ಇನ್ನು ಹಿಂದಕ್ಕೆ ಗೇರು ಹಾಕಿದರೆ ನಮ್ಮ ಲಾಂಚಿನ ಹಿಂಬದಿ ಯಾವಾಗಲೂ ಎಡಕ್ಕೆ ಸರಿಯುತ್ತಿತ್ತು. ಅದರ ಸ್ವಭಾವ ಅದು, ಬೈದು ಪ್ರಯೋಜನವಿಲ್ಲ. ಎಡಪಕ್ಕೆಯನ್ನು ಮೆಟ್ಟಿಲಿಗೆ ಮಾಡಿ ಓರೆಯಾಗಿ ಬಂದು, ಗೇರು ಬಿಡಿಸಿ ತೇಲಲು ಬಿಟ್ಟು, ಕಡೆಗೆ ಒಂದು ಗಳಿಗೆ ಹಿಂದಕ್ಕೆ ಹಾಕಿದರೆ, ಲಾಂಚು ನಿಲ್ಲುತ್ತಲೂ ಇತ್ತು, ಹಿಂಬದಿ ತಾನಾಗಿ ಮೆಟ್ಟಿಲ ಕಡೆಗೆ ಕೂಡಿಕೊಳ್ಳುತ್ತಲೂ ಇತ್ತು. ಮಧ್ಯಾಹ್ನದ ಮೇಲೆ ಕಡಲಗಾಳಿ ಬೀಸತೊಡಗಿದರೆ ಈ ಲೆಕ್ಕವೆಲ್ಲ ಮತ್ತೆ ಮೊದಲಿಂದ.

ಈಗಿನ ಲಾಂಚಿನಲ್ಲಾದರೆ ಇದೆಲ್ಲ ಒಬ್ಬನ ಕೈಯಲ್ಲಿದೆ. ಆಗ ಹಾಗಲ್ಲ. ಚುಕ್ಕಾಣಿ ಹಿಡಿದ ನಾನು ಮೇಲೆ, ಗೇರು ಹಿಡಿದ ಎಂಜಿನ್ ಡ್ರೈವರ್ ಕೆಳಗೆ ಎಂಜಿನ್ ಕೋಣೆಯಲ್ಲಿ. ಅವನಿಗೆ ಹೊರಗಿನದು ಏನೂ ಕಾಣುವುದಿಲ್ಲ. ಮೇಲಿನಿಂದ ತಂತಿ ಎಳೆದರೆ ಕೆಳಗೆ ಗಂಟೆ ಬಡಿಯುತ್ತಿತ್ತು. ನಿಂತಿರುವಾಗ ಒಂದು ಗಂಟೆ ಎಂದರೆ ಮುಂದೆ, ಹೋಗುತ್ತಿರುವಾಗ ಒಂದು ಎಂದರೆ ನಿಲ್ಲಿಸು, ಎರಡು ಎಂದರೆ ಹಿಂದಕ್ಕೆ. ಹೀಗೆ ಒಬ್ಬನ ಕಣ್ಣು, ಇನ್ನೊಬ್ಬನ ಕೈ, ನಡುವೆ ಒಂದು ಗಂಟೆ. ಮೂರು ಸೇರಿ ಒಂದು ಲಾಂಚು ನಿಲ್ಲಬೇಕು.

ಆ ಎಂಜಿನ್ ಡ್ರೈವರ್ ನನ್ನ ಅಕ್ಕನ ಗಂಡ, ನನ್ನ ಭಾವ. ನಮ್ಮದು ಕುಂದಾಪುರದ ಕಡೆಯ ಕಡಲತೀರ, ಮೀನು ಹಿಡಿಯುವ ಜನ. ಭಾವ ನನಗಿಂತ ಹದಿನೈದು ವರ್ಷ ದೊಡ್ಡವರು. ಯುದ್ಧದ ಕಾಲದಲ್ಲೇ ಮದ್ರಾಸಿಗೆ ಬಂದು, ಎಂಜಿನ್ ಒರೆಸುವ ಕೆಲಸದಿಂದ ಶುರುಮಾಡಿ ಡ್ರೈವರ್ ಆದವರು. ಐವತ್ತರ ದಶಕದ ಮೊದಲಲ್ಲಿ ಊರಲ್ಲಿ ಕೆಲಸವಿಲ್ಲದೆ ಅಲೆಯುತ್ತಿದ್ದ ನನ್ನನ್ನು ಕರೆಸಿಕೊಂಡು, ಲಾಂಚಿನ ಕಂಪನಿಯವರ ಕಾಲು ಹಿಡಿದು ಖಲಾಸಿ ಮಾಡಿಸಿದರು. ಮೂರು ವರ್ಷ ಹಗ್ಗ ಎಳೆದ ಮೇಲೆ ಪರೀಕ್ಷೆಗೆ ಕೂರಿಸಿ ಚುಕ್ಕಾಣಿಯ ಲೈಸೆನ್ಸ್ ಕೊಡಿಸಿದವರೂ ಅವರೇ. ಹಾರ್ಬರಿನ ಪಕ್ಕದ ರಾಯಪುರಂನಲ್ಲಿ ಅವರ ಒಂದು ಕೋಣೆಯ ಮನೆಯಲ್ಲಿ ನನ್ನ ಮದುವೆಯಾಗುವತನಕ ಅಕ್ಕನ ಕೈಯ ಊಟ ಉಂಡವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನಾನು ಎಂಥವನೆಂದು ಆಮೇಲೆ ನಿಮಗೆ ಸರಿಯಾಗಿ ಗೊತ್ತಾಗಲಿ.

ಭಾವನಿಗೆ ಕಿವಿ ಕೇಳುತ್ತಿರಲಿಲ್ಲ. ತೊಟ್ಟಿಯಂಥ ಕೋಣೆಯಲ್ಲಿ ಅಷ್ಟು ವರ್ಷ ಡೀಸೆಲ್ ಎಂಜಿನ್ ಪಕ್ಕದಲ್ಲಿ ಕೂತವನಿಗೆ ಕಿವಿ ಉಳಿಯುವುದಾದರೂ ಹೇಗೆ? ನಾನು ಚುಕ್ಕಾಣಿ ಹಿಡಿದ ಮೊದಲ ವಾರದಲ್ಲೇ ನನಗೆ ಗೊತ್ತಾಯಿತು. ಗಂಟೆ ಹೊಡೆದರೆ ಒಂದು ಸಲ ನಿಲ್ಲುತ್ತಿತ್ತು, ಇನ್ನೊಂದು ಸಲ ಇಲ್ಲ. ನನ್ನ ಹಿಂದಿನ ಚುಕ್ಕಾಣಿಯವನು ಮುದುಕ, ಅವನು ಮೊದಲೇ ಎಲ್ಲವನ್ನೂ ನಿಧಾನ ಮಾಡುತ್ತಿದ್ದ, ಹಾಗಾಗಿ ನಡೆದುಹೋಗಿತ್ತು. ಒಂದು ಸಂಜೆ ಬಟ್ಟೆ ಬದಲಿಸುವಾಗ ನಾನೇ ಕೇಳಿಬಿಟ್ಟೆ. ಭಾವ ಮೊದಲು ಸಿಡುಕಿದರು. ಆಮೇಲೆ ಬೆಂಚಿನ ಮೇಲೆ ಕೂತು, ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿಯಲ್ಲಿ ಸ್ವಲ್ಪ ಇದೆ, ಎಂಜಿನ್ ಓಡುವಾಗ ಅದೂ ಇಲ್ಲ ಎಂದರು. ಕಂಪನಿಗೆ ಗೊತ್ತಾದರೆ ಅದೇ ದಿನ ಮನೆಗೆ. ಕಿವುಡ ಡ್ರೈವರನ್ನು ಯಾರು ಇಟ್ಟುಕೊಳ್ಳುತ್ತಾರೆ? ಅವರಿಗೆ ಬೇರೆ ಕೆಲಸ ಬರುತ್ತಿರಲಿಲ್ಲ, ಓದು ಬರಹವೂ ಇರಲಿಲ್ಲ. ಎಂಜಿನ್ ಒಂದೇ ಅವರ ವಿದ್ಯೆ, ಅದರ ಮೇಲೇ ಅವರ ಮರ್ಯಾದೆ. ಎದುರು ನಿಂತು ಮಾತಾಡುವವರ ಮುಖ ನೋಡಿ ಅಂದಾಜಿನಲ್ಲಿ ಉತ್ತರ ಕೊಡುವುದನ್ನು ಅವರು ಎಷ್ಟು ಚೆನ್ನಾಗಿ ಕಲಿತಿದ್ದರೆಂದರೆ, ಅಕ್ಕನ ಹೊರತು ಯಾರಿಗೂ ಸುಳಿವಿರಲಿಲ್ಲ.

ಉಪಾಯ ಹೊಳೆದದ್ದು ಇಬ್ಬರಿಗೂ ಒಟ್ಟಿಗೇ. ನಮ್ಮೂರಲ್ಲಿ ನದಿ ಕಡಲು ಸೇರುವ ಅಳಿವೆಯಲ್ಲಿ ದೋಣಿ ದಾಟಿಸುವಾಗ ತೆರೆಯ ಅಬ್ಬರಕ್ಕೆ ಯಾರ ಕೂಗೂ ಯಾರಿಗೂ ಕೇಳುವುದಿಲ್ಲ. ಹಿಂದೆ ಚುಕ್ಕಾಣಿ ಹಿಡಿದವನು ಬರಿಗಾಲಿನ ಹಿಮ್ಮಡಿಯಿಂದ ಹಲಗೆಗೆ ಬಡಿಯುತ್ತಾನೆ. ಹುಟ್ಟು ಹಾಕುವವರಿಗೆ ಅದು ಕೂತ ಜಾಗಕ್ಕೇ ತಾಗುತ್ತದೆ. ಒಂದು ಬಡಿತಕ್ಕೆ ತಡೆ, ಎರಡಕ್ಕೆ ಹಿಂದಕ್ಕೆ. ಕಿವಿ ಬೇಕಾಗಿಲ್ಲ. ನಮ್ಮ ಲಾಂಚಿನಲ್ಲಿ ನಾನು ನಿಲ್ಲುವ ಹಲಗೆಯ ಅಡಿಗೇ ಭಾವನ ತಲೆ. ಮೇಲಿನ ತೊಲೆಗೆ ಎಡಗೈ ಒತ್ತಿ ಹಿಡಿದು ಬಲಗೈಯನ್ನು ಗೇರಿನ ಮೇಲಿಟ್ಟು ಅವರು ನಿಲ್ಲತೊಡಗಿದರು. ನಾನು ಜನರಿಗೆ ಕೇಳಲೆಂದು ಗಂಟೆಯನ್ನೂ ಎಳೆಯುತ್ತಿದ್ದೆ, ಭಾವನಿಗೆಂದು ಹಿಮ್ಮಡಿಯನ್ನೂ ಬಡಿಯುತ್ತಿದ್ದೆ. ಮಾರನೆಯ ದಿನ ಮೊದಲ ಸಲಕ್ಕೇ ಲಾಂಚು ಮೆಟ್ಟಿಲಿಗೆ ಹೂವಿಟ್ಟಂತೆ ಬಂದು ನಿಂತಿತು.

ಆಮೇಲಿನ ನಾಲ್ಕು ವರ್ಷ ನನ್ನ ಬಾಳಿನ ಒಳ್ಳೆಯ ಕಾಲ ಎಂದು ಈಗ ಒಪ್ಪಿಕೊಳ್ಳಲೇಬೇಕು. ಬಡಿತದಲ್ಲೇ ನಾವು ಮಾತು ಬೆಳೆಸಿದೆವು. ಜೋರಾಗಿ ಬಡಿದರೆ ಜಾಸ್ತಿ ಹೊತ್ತು, ಮೆತ್ತಗೆ ಬಡಿದರೆ ಫ್ಯಾನು ಎರಡು ಸುತ್ತು ಸುತ್ತಿದರೆ ಸಾಕು. ಗೊತ್ತಿರುವ ಮನುಷ್ಯನಿಗೆ ಅರ್ಧ ಬಡಿತವೂ ಅರ್ಥವಾಗುತ್ತದೆ. ಬೇಸಿನ್ನಿನ ಬಾಯಿ ದಾಟಿ ಒಳಗೆ ಬಂದರೆ ಅಲೆಯ ತುಯ್ತ ನಿಲ್ಲುತ್ತಿತ್ತು, ಅದನ್ನು ಕಾಲಲ್ಲೇ ತಿಳಿದು ಭಾವ ನಾನು ಹೇಳುವ ಮೊದಲೇ ವೇಗ ಇಳಿಸುತ್ತಿದ್ದರು. ಬೇರೆ ಲಾಂಚಿನವರು ಕಟ್ಟೆಯ ಮೇಲೆ ನಿಂತು ನಾವು ಒಳಗೆ ಬರುವುದನ್ನು ನೋಡುತ್ತಿದ್ದರು. ಇವರಿಬ್ಬರದ್ದು ಏನೋ ಮಾಟ ಇದೆ ಎನ್ನುತ್ತಿದ್ದರು. ಭಾವ ಕೆಳಗಿನಿಂದ ಎಣ್ಣೆ ಮೆತ್ತಿದ ಮುಖ ಹೊರಗೆ ಹಾಕಿ ನಗುತ್ತಿದ್ದರು. ನನಗೂ ಉಬ್ಬು ಬರುತ್ತಿತ್ತು. ಬಂದ ಹೆಸರೆಲ್ಲ ನನ್ನ ಕೈಚಳಕದ್ದು ಎಂದು ನಾನು ನಂಬಿದ್ದೆ, ಆ ತಪ್ಪು ನನ್ನದೇ.

ದಶಕ ಮುಗಿಯುತ್ತ ಬಂದಾಗ ಕಂಪನಿಯ ದೊಡ್ಡ ಸಾಹೇಬ ವಿಲಾಯತಿಯಿಂದ ಬರುತ್ತಾನೆಂದು ಸುದ್ದಿಯಾಯಿತು. ಹಾರ್ಬರನ್ನು ನಮ್ಮ ಲಾಂಚಿನಲ್ಲೇ ಒಂದು ಸುತ್ತು ತೋರಿಸುವುದು ಎಂದು ನಿರ್ಧಾರ. ಲಾಂಚುಗಳ ಉಸ್ತುವಾರಿ ನೋಡುತ್ತಿದ್ದ ಸೂಪರಿಂಟೆಂಡೆಂಟ್ ನಮ್ಮೆಲ್ಲರಿಗೂ ಬಿಳಿ ಶರಟು ಚಡ್ಡಿ ಹೊಲಿಸಿದ, ಜೊತೆಗೆ ಬಿಳಿ ಕ್ಯಾನ್ವಾಸಿನ ಜೋಡು. ಬೆರಳಷ್ಟು ದಪ್ಪದ ರಬ್ಬರಿನ ಅಟ್ಟೆ. ಡೆಕ್ಕಿನ ಮೇಲೆ ಬರಿಗಾಲು ಕಂಡರೆ ಸುಮ್ಮನಿರುವುದಿಲ್ಲ ಎಂದು ಬೇರೆ ಹೇಳಿದ. ಎಂಜಿನ್ ಕೋಣೆಯವರನ್ನು ಯಾರೂ ನೋಡುವುದಿಲ್ಲವಾದ್ದರಿಂದ ಭಾವನಿಗೆ ಜೋಡು ಕೊಡಲಿಲ್ಲ.

ಆ ದಿನ ಬೆಳಿಗ್ಗೆ ಭಾವ ನನ್ನ ಕಾಲನ್ನೇ ನೋಡಿದರು. "ಅದನ್ನ್ ತೆಗಿ ಮಾರಾಯಾ," ಎಂದರು. "ಕೈಗೆ ತಾಗುದಿಲ್ಲ."

ಸೂಪರಿಂಟೆಂಡೆಂಟ್ ಬಿಡುವುದಿಲ್ಲ ಎಂದು ನಾನು ಸನ್ನೆ ಮಾಡಿದೆ. ಜೋರಾಗಿ ಬಡಿಯುತ್ತೇನೆ, ಹೆದರಬೇಡಿ ಎಂದು ತೊಡೆ ತಟ್ಟಿ ತೋರಿಸಿದೆ. ಅಷ್ಟು ಹೇಳಿದ್ದು ನಿಜ. ಆದರೆ ಹುಟ್ಟಿದಾರಭ್ಯ ಬರಿಗಾಲಲ್ಲಿ ಇದ್ದವನಿಗೆ ಆ ಜೋಡು ಬಿಡಲು ಮನಸ್ಸಿರಲಿಲ್ಲ ಎಂಬುದೂ ಅಷ್ಟೇ ನಿಜ. ಬೆಳಿಗ್ಗೆಯಿಂದ ನಾಲ್ಕು ಸಲ ಅದರ ದೂಳು ಒರೆಸಿದ್ದೆ. ಕಟ್ಟಿದ ಮೇಲೆ ಒಂದು ಸಲ ಬಡಿದು ಪರೀಕ್ಷೆಯನ್ನಾದರೂ ಮಾಡಬಹುದಿತ್ತು, ಮಾಡಲಿಲ್ಲ. ಹಾಳು ಶೋಕಿ.

ಹೊರಡುವಾಗ ತೊಂದರೆಯಾಗಲಿಲ್ಲ. ಸಾಹೇಬನಿಗೆ ಸಲಾಮು ಹೊಡೆಯಲೆಂದು ಭಾವ ತಲೆ ಹೊರಗಿಟ್ಟು ನಿಂತಿದ್ದರು, ಕೈಸನ್ನೆ ಸಾಕಾಯಿತು. ಹಾರ್ಬರಿನಲ್ಲಿ ಒಂದೇ ವೇಗದಲ್ಲಿ ಒಂದು ಸುತ್ತು, ಗಂಟೆಯ ಅಗತ್ಯವೇ ಬರಲಿಲ್ಲ. ಸಾಹೇಬ, ಅವನ ಜೊತೆ ಬಂದ ನಾಲ್ಕು ಜನ, ಸೂಪರಿಂಟೆಂಡೆಂಟ್, ಎಲ್ಲರೂ ಖುಷಿಯಾಗಿದ್ದರು. ವಾಪಸು ಬೇಸಿನ್ನಿನ ಬಾಯಿ ದಾಟಿದೆವು. ಎಂದಿನಂತೆ ಭಾವ ತಾವಾಗಿ ವೇಗ ಇಳಿಸಿದರು. ನಾನು ಓರೆಯಾಗಿ ಮೆಟ್ಟಿಲ ಕಡೆಗೆ ಮೂತಿ ತಿರುಗಿಸಿದೆ. ಮೆಟ್ಟಿಲ ಆಚೆಗೆ ಒಂದು ಹಾಯಿದೋಣಿ ಕಟ್ಟಿತ್ತು, ವಾರ್ನಿಶ್ ಹಚ್ಚಿ ಫಳಫಳ ಹೊಳೆಯುತ್ತಿತ್ತು. ಬಲಕ್ಕೆ ಸಿಮೆಂಟ್ ತುಂಬಿದ ಸರಕಿನ ದೋಣಿ. ಬೆನ್ನಿಗೆ ಗಾಳಿ. ದಿನಾ ಇರುವಂಥದ್ದೇ.

ಒಂದು ಗಂಟೆ ಎಳೆದು ಹಿಮ್ಮಡಿ ಬಡಿದೆ. ಎಂಜಿನ್ ನಿಲ್ಲಲಿಲ್ಲ. ಇನ್ನೊಂದು ಸಲ ಬಡಿದೆ. ರಬ್ಬರು ನನ್ನ ಕಾಲನ್ನೇ ಮೇಲಕ್ಕೆ ನೂಕಿತು, ಹಲಗೆಗೆ ಏನೂ ಆಗಲಿಲ್ಲ. ನನಗೆ ಆಗ ಗೊತ್ತಾಯಿತು. ಗಂಟೆಯ ತಂತಿಯನ್ನು ಕಿತ್ತುಬರುವಂತೆ ಎಳೆದೆ, ಎರಡೆರಡು ಸಲ ಎಳೆದೆ. ಇಡೀ ಬೇಸಿನ್ನಿಗೆ ಕೇಳಿಸಿತು, ಕೇಳಬೇಕಾದವರೊಬ್ಬರನ್ನು ಬಿಟ್ಟು. ಕಾಲಿನ ಜೋಡು ಕೀಳೋಣವೆಂದರೆ ಲೇಸಿಗೆ ಎರಡು ಗಂಟು ಬಿಗಿದಿದ್ದೆ. ಮೂತಿಯಲ್ಲಿ ಕೊಕ್ಕೆಕೋಲು ಹಿಡಿದು ನಿಂತಿದ್ದ ಖಲಾಸಿಯನ್ನು ಕೂಗಿದೆ, ಕೆಳಗೆ ಹೋಗಿ ಹೇಳು ಎಂದೆ. ಅವನು ಸಾಹೇಬರ ಕಾಲುಗಳ ನಡುವೆ ದಾರಿ ಹುಡುಕುತ್ತ ಬರತೊಡಗಿದ.

ಜೋರಾಗಿ ಹೋಗಿ ಗುದ್ದಿದರೆ ಕಣ್ಣು ಮುಚ್ಚಿ ಬಿಡುವುದರೊಳಗೆ ಮುಗಿದಿರುತ್ತದೆ. ನಿಧಾನವಾಗಿ ಹೋಗಿ ಗುದ್ದುವುದಿದೆಯಲ್ಲ, ಅದು ಯಾರಿಗೂ ಬೇಡ. ಎಲ್ಲವನ್ನೂ ನೋಡಲು ಬೇಕಾದಷ್ಟು ಸಮಯ ಇರುತ್ತದೆ, ಮಾಡಲು ಏನೂ ಇರುವುದಿಲ್ಲ. ಬಲಕ್ಕೆ ತಿರುಗಿಸಿದೆ, ಹಿಂಬದಿ ಮೆಟ್ಟಿಲ ಕಲ್ಲಿಗೆ ಉಜ್ಜಿತು. ಮತ್ತೆ ಎಡಕ್ಕೆ ತಂದೆ. ಮೂತಿ ಹಾಯಿದೋಣಿಯ ಪಕ್ಕೆಯ ಮೇಲೆ ಮೆಲ್ಲನೆ ಹೋಗಿ ಒರಗಿತು, ಒರಗಿ ಒಳಗೆ ಇಳಿಯಿತು. ಮರ ಮುರಿಯುವ ಸದ್ದು ಬಹಳ ಹೊತ್ತು ಬಂತು. ಇಳಿಯಲೆಂದು ಎದ್ದು ನಿಂತಿದ್ದ ದೊಡ್ಡ ಸಾಹೇಬ ಮುಗ್ಗರಿಸಿ ಕಂಬಿಗೆ ಹಣೆ ಬಡಿದುಕೊಂಡ. ಬಿಳಿ ಬಟ್ಟೆಯ ಮೇಲೆ ರಕ್ತ ಕಂಡಿತು. ಗುದ್ದಿದ ಅದುರು ತಾಗಿದ ಮೇಲೆ ಭಾವ ಗೇರು ಬಿಡಿಸಿ, ಕೈಯಲ್ಲಿ ಎಣ್ಣೆಬಟ್ಟೆ ಹಿಡಿದುಕೊಂಡೇ ಮೇಲೆ ಬಂದರು. ಅವರು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು.

ಮೂರನೆಯ ದಿನ ವಿಚಾರಣೆ ಎಂದರು. ಹಿಂದಿನ ದಿನ ಮಧ್ಯಾಹ್ನ ಭಾವನ ಮನೆಯಲ್ಲಿ ನಾವು ಮೂವರು ಕೂತೆವು, ಭಾವ, ನಾನು, ಖಲಾಸಿ. ಖಲಾಸಿ ಅದೇ ರಾಯಪುರಂನ ತಮಿಳಿನವನು, ಭಾವನ ಮನೆಯ ಬೀದಿಯಲ್ಲೇ ಇದ್ದವನು, ಒಳ್ಳೆಯ ಮನುಷ್ಯ. ಗೇರು ಕಚ್ಚಿಕೊಂಡಿತು ಎಂದು ಹೇಳುವುದೆಂದು ತೀರ್ಮಾನವಾಯಿತು. ಆ ವರ್ಷ ಎರಡು ಸಲ ಗೇರು ನಿಜವಾಗಿಯೂ ಕಚ್ಚಿಕೊಂಡಿತ್ತು, ಎಲ್ಲರಿಗೂ ಗೊತ್ತಿತ್ತು. ಯಂತ್ರದ ತಪ್ಪು ಎಂದಾದರೆ ಯಾರ ಹೊಟ್ಟೆಯ ಮೇಲೂ ಹೊಡೆತ ಬೀಳುವುದಿಲ್ಲ. ನಾನು ಹಗ್ಗ ನೋಡುತ್ತಿದ್ದೆ, ನನಗೆ ಬೇರೇನೂ ತಿಳಿಯದು ಎನ್ನುತ್ತೇನೆ ಎಂದ ಖಲಾಸಿ. ಭಾವ ನನಗೆ ಒಂದು ಮಾತೂ ಬೈಯಲಿಲ್ಲ. ಅಕ್ಕ ಮೂವರಿಗೂ ಕಾಫಿ ಕೊಟ್ಟಳು. ಹೊರಡುವಾಗ ನನ್ನ ತೋಳು ಹಿಡಿದು, ಅವರಿಗೆ ಏನು ಕೇಳಿದರೂ ಗೊತ್ತಾಗುವುದಿಲ್ಲ, ನೀನೇ ಮುಂದೆ ನಿಂತು ಮಾತಾಡು ಎಂದಳು. ಆಯಿತು ಎಂದೆ.

ವಿಚಾರಣೆ ಸೂಪರಿಂಟೆಂಡೆಂಟನ ಕೋಣೆಯಲ್ಲಿ ನಡೆಯಿತು. ನಮ್ಮ ಮೂವರನ್ನೂ ಒಟ್ಟಿಗೇ ನಿಲ್ಲಿಸಿದ. ಮೇಜಿನ ಮೇಲೆ ನನ್ನ ಲೈಸೆನ್ಸಿನ ಪುಸ್ತಕ ತೆರೆದು ಇಟ್ಟುಕೊಂಡಿದ್ದ. ನಾನು ಗೇರಿನ ಮಾತು ಹೇಳಿದೆ. ಅವನು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಮೆಕ್ಯಾನಿಕ್ಕು ನಿನ್ನೆಯೇ ಗೇರು ಬಿಚ್ಚಿ ನೋಡಿದ್ದಾನೆ, ಗೇರಿಗೆ ಏನೂ ಆಗಿಲ್ಲ ಎಂದ. ಹಾಗಾದರೆ ಇರುವುದು ಎರಡೇ ಎಂದ. ಒಂದೋ ನೀನು ಹೊತ್ತಿಗೆ ಸರಿಯಾಗಿ ಗಂಟೆ ಹೊಡೆಯಲಿಲ್ಲ, ನಮಗೆಲ್ಲ ಕೇಳಿದ್ದು ಕೈಮೀರಿದ ಮೇಲಿನ ಗಂಟೆ, ನಿನ್ನ ಲೈಸೆನ್ಸ್ ಇಲ್ಲಿಗೆ ಮುಗಿಯಿತು. ಇಲ್ಲವೋ ಹೊಡೆದೆ, ಅವನು ಕೇಳಲಿಲ್ಲ. ಪುಸ್ತಕದ ಮೇಲೆ ಕೈಯಿಟ್ಟು ತಮಿಳಿನಲ್ಲಿ ಕೇಳಿದ, "ಮಣಿ ಅಡಿಚ್ಚಿಯಾ, ಇಲ್ಲೈಯಾ?" ಗಂಟೆ ಹೊಡೆದೆಯೋ, ಇಲ್ಲವೋ?

ಹೊತ್ತಿಗೆ ಹೊಡೆಯಲಿಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಗಾಬರಿಯಲ್ಲಿ ಮರೆತೆ ಎನ್ನಬಹುದಿತ್ತು. ನನಗೆ ಆಗ ಮೂವತ್ತೂ ತುಂಬಿರಲಿಲ್ಲ, ಕೈಕಾಲು ಗಟ್ಟಿಯಿದ್ದವು. ಕಾಸಿಮೇಡಿನ ಮೀನುದೋಣಿಗಳಲ್ಲಿ ಬಲೆ ಎಳೆದೂ ಬದುಕಬಹುದಿತ್ತು. ಆ ಸುಳ್ಳು ಹೇಳಿದ್ದರೆ ನಾನು ಮನುಷ್ಯನಾಗಿ ಉಳಿಯುತ್ತಿದ್ದೆ. ಇಷ್ಟೆಲ್ಲ ಈಗ ಬರೆಯುತ್ತೇನೆ. ಆಗ ನನ್ನ ತಲೆಯಲ್ಲಿ ಇದ್ದದ್ದು ಆ ಪುಸ್ತಕ ಒಂದೇ. ಅದರಲ್ಲಿ ನನ್ನ ಫೋಟೋ ಇತ್ತು.

"ಅಡಿಚ್ಚೇನ್ ಸಾರ್," ಎಂದೆ. ಗಂಟೆ ಹೊಡೆದೆ, ಸಾರ್. ಅಲ್ಲಿಗೂ ನಿಲ್ಲಿಸಲಿಲ್ಲ. "ಅವರುಕ್ಕು ಕಾದು ಕೇಕ್ಕಾದು," ಎಂದೆ. ಅವರಿಗೆ ಕಿವಿ ಕೇಳುವುದಿಲ್ಲ.

ಭಾವ ನನ್ನ ಪಕ್ಕದಲ್ಲೇ, ಒಂದು ಮೊಳ ದೂರದಲ್ಲಿ ನಿಂತಿದ್ದರು. ನನ್ನ ಕಡೆಗಿದ್ದದ್ದು ಅವರ ಬಲಗಿವಿ, ಎಡಗಿವಿಯಲ್ಲಿ ಇದ್ದದ್ದೂ ಆ ನಾಲ್ಕು ವರ್ಷದಲ್ಲಿ ಬಹುಪಾಲು ಹೋಗಿತ್ತು. ಸೂಪರಿಂಟೆಂಡೆಂಟ್ ಅವರ ಕಡೆಗೆ ತಿರುಗಿ ನೋಡಿದ. ನಾನು ಮಾತು ಮುಗಿಸಿದೆನೆಂದು ಅವರಿಗೆ ಕಂಡಿತು, ಏನು ಹೇಳಿದೆನೆಂದು ತಿಳಿಯಲಿಲ್ಲ. ಗೇರಿನ ಮಾತೇ ಎಂದುಕೊಂಡರು. ಕೈಕಟ್ಟಿ ನಿಂತು, ತಲೆಯಾಡಿಸಿ, "ಆಮಾ ಸಾರ್, ಆಮಾ," ಎಂದರು. ಹೌದು ಸಾರ್, ಹೌದು. ಆಮೇಲೆ ನನ್ನ ಕಡೆ ನೋಡಿ, ಚೆನ್ನಾಗಿ ಹೇಳಿದೆ ಎಂಬಂತೆ ಸ್ವಲ್ಪ ನಕ್ಕರು.

ಸೂಪರಿಂಟೆಂಡೆಂಟ್ ಎದ್ದು, ಅವರ ಬೆನ್ನ ಹಿಂದೆ ಹೋಗಿ ನಿಂತು ಎರಡು ಸಲ ಚಪ್ಪಾಳೆ ತಟ್ಟಿದ. ಭಾವ ಎದುರಿನ ಖಾಲಿ ಕುರ್ಚಿಯನ್ನೇ ನೋಡುತ್ತ ಮರ್ಯಾದೆಯಿಂದ ನಿಂತಿದ್ದರು. ಖಲಾಸಿ ತಲೆ ತಗ್ಗಿಸಿದ. ನನ್ನ ಲೈಸೆನ್ಸನ್ನು ನನಗೆ ಕೊಟ್ಟರು. ಭಾವನನ್ನು ಡಾಕ್ಟರ ಹತ್ತಿರ ಕಳಿಸಿದರು. ಡಾಕ್ಟರು ಕಿವಿ ನೋಡಿ ಬರೆದುಕೊಟ್ಟ. ಆ ವಾರವೇ ಕೆಲಸ ಹೋಯಿತು.

ಡಾಕ್ಟರಿಂದಲೇ ಸಿಕ್ಕಿಬಿದ್ದೆ ಎಂದು ಭಾವ ತಿಳಿದರು. ನಮ್ಮ ಮಾತಿಗೆ ಸೂಪರಿಂಟೆಂಡೆಂಟ್ ಒಪ್ಪಿದ್ದ, ಆ ಹಾಳು ಡಾಕ್ಟರು ಕಿವಿಗೆ ಬ್ಯಾಟರಿ ಬಿಟ್ಟು ನೋಡದಿದ್ದರೆ ಉಳಿಯುತ್ತಿತ್ತು ಎಂದು ಬಂದವರಿಗೆಲ್ಲ ಹೇಳಿದರು. ನಾನು ಅಲ್ಲೇ ಕೂತು ಕೇಳಿಸಿಕೊಂಡೆ. ಎರಡು ತಿಂಗಳು ಕೆಲಸ ಹುಡುಕಿ ಅಲೆದರು. ಕಡೆಗೆ ನಮ್ಮ ಕಡೆಯವರ ಒಂದು ಹೋಟೆಲಿನಲ್ಲಿ ಜಾಗ ಸಿಕ್ಕಿತು. ಊರಿನವರು ಎಂಬ ಪ್ರೀತಿ ಬಾಯಲ್ಲಿ ಬೇಕಾದಷ್ಟಿತ್ತು, ಅಡುಗೆಮನೆಯೊಳಗೆ ಮಾತ್ರ ಮೀನುಗಾರ ಜಾತಿಯವನು ಕಾಲಿಡುವಂತಿರಲಿಲ್ಲ. ಹಿತ್ತಲಲ್ಲಿ ಒಲೆಗೆ ಸೌದೆ ಸೀಳುವ ಕೆಲಸ ಕೊಟ್ಟರು. ಎಂಜಿನ್ನಿನ ಮೈಮೇಲೆ ಬೆರಳಿಟ್ಟು ಎಲ್ಲಿ ನಟ್ಟು ಸಡಿಲವಾಗಿದೆ ಎಂದು ಹೇಳುತ್ತಿದ್ದ ಮನುಷ್ಯ ಕೊಡಲಿ ಹಿಡಿದರು. ಒಂದು ಸಲ ಆ ಹಿತ್ತಲ ಬಾಗಿಲ ತನಕ ಹೋಗಿ ನೋಡಿ, ಹಾಗೆಯೇ ತಿರುಗಿ ಬಂದೆ. ಅಲ್ಲಿಗೆ ಮತ್ತೆ ಹೋಗಲಿಲ್ಲ.

ಮಾರನೆಯ ವರ್ಷ ಹೊಸ ಲಾಂಚು ಬಂತು. ಗೇರು, ವೇಗ ಎಲ್ಲ ಚುಕ್ಕಾಣಿಯ ಪಕ್ಕದಲ್ಲೇ, ಒಬ್ಬನೇ ಸಾಕು. ಅದನ್ನು ನನಗೆ ಕೊಟ್ಟರು. ಅದೃಷ್ಟವಂತ ಎಂದರು. ಎಂಟು ವರ್ಷ ಅದರಲ್ಲಿ ಬೇಸಿನ್ನಿನೊಳಗೆ ಬಂದೆ ಹೋದೆ. ಒಂದು ಸಲವೂ ಗುದ್ದಲಿಲ್ಲ. ಹಳೆಯದರಷ್ಟು ಚೆನ್ನಾಗಿ ಒಂದು ಸಲವೂ ಮೆಟ್ಟಿಲಿಗೆ ಕೂಡಿಸಲೂ ಇಲ್ಲ. ಕಟ್ಟೆಯ ಮೇಲೆ ನಿಂತು ನೋಡುವವರು ಯಾರೂ ಇರಲಿಲ್ಲ.

ಹೊಸ ಲಾಂಚು ಬಂದ ವರ್ಷವೇ ಭಾವನ ಮನೆಗೆ ಹೋಗುವುದನ್ನು ನಾನು ಮೆಲ್ಲಗೆ ಬಿಡತೊಡಗಿದ್ದೆ. ಅಷ್ಟರಲ್ಲಿ ಅವರ ಎಡಗಿವಿಯೂ ಪೂರ್ತಿ ಹೋಗಿತ್ತು. ಒಂದು ಭಾನುವಾರ ಊಟಕ್ಕೆ ಬರಲೇಬೇಕೆಂದು ಅಕ್ಕ ಖಲಾಸಿಯ ಕೈಯಲ್ಲಿ ಹೇಳಿ ಕಳಿಸಿದಳು. ಹೋದೆ. ಬಂಗುಡೆಯ ಸಾರು ಮಾಡಿದ್ದಳು. ಭಾವ ನನ್ನನ್ನು ಕಂಡು ಖುಷಿಯಿಂದ ಪಕ್ಕದಲ್ಲೇ ಮಣೆ ಹಾಕಿಸಿದರು. ಇಬ್ಬರೂ ಊಟಕ್ಕೆ ಕೂತೆವು. ಅಕ್ಕ ಸೌಟು ಹಿಡಿದು ಎದುರಿಗೆ ನಿಂತಳು. ದನಿ ಏರಿಸಲಿಲ್ಲ, ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಸಾರಿಗೆ ಉಪ್ಪು ಸರಿಯಿದೆಯೇ ಎಂದು ಕೇಳುವ ಹಾಗೆ ಮಾತಾಡಿದಳು.

"ಖಲಾಸಿ ಹೆಂಡ್ತಿ ನೀರಿನ ನಲ್ಲಿ ಹತ್ರ ಎಲ್ಲ ಹೇಳಿದ್ಲ್," ಎಂದಳು. "ನೀ ಎಂತ ಹೇಳದ್ದ್, ಇವ್ರ್ ಎಂತ ಅಂದದ್ದ್, ಎಲ್ಲ."

 ಅಕ್ಕ, ಒಂದು ಮಾತು ಕೇಳು ಎಂದೇನೋ ಶುರುಮಾಡಿದೆ. ಅವಳು ಬಿಡಲಿಲ್ಲ.

"ಇವ್ರಿಗೆ ನಾ ಹೇಳುದಿಲ್ಲ. ಕೆಲ್ಸ ಹೋಯ್ತ್, ಕಿವಿ ಹೋಯ್ತ್. ನೀ ಒಬ್ಬ ಇದ್ದೆ ಅಂಬ್ದಾರೂ ಉಳೀಲಿ. ನೀ ಬಪ್ಪುದ್ ಬಿಟ್ರೆ ಇವ್ರಿಗೆ ಅನುಮಾನ ಬತ್ತ್. ವಾರ ವಾರ ಬರ್ಕ್ ನೀನ್. ಇವ್ರ ಪಕ್ಕ ಕೂಕಂಡ್ ಉಣ್ಕ್." ವಾರ ವಾರ ಬರಬೇಕು, ಪಕ್ಕದಲ್ಲಿ ಕೂತು ಉಣ್ಣಬೇಕು.

ಭಾವ ಅವಳ ತುಟಿ ಅಲುಗುವುದನ್ನು ನೋಡುತ್ತಿದ್ದರು. ಏನಂತೆ ಎಂದು ನನ್ನನ್ನು ಮೊಣಕೈಯಿಂದ ತಿವಿದು ಕೇಳಿದರು. ಅಕ್ಕ ಸೌಟಿನಲ್ಲಿ ಮೀನಿನ ತುಂಡು ಎತ್ತಿ ತೋರಿಸಿದಳು. ಭಾವನ ಮುಖ ಅರಳಿತು.

"ಹಾಕ್, ಹಾಕ್," ಎಂದರು ಕಿವುಡರ ದೊಡ್ಡ ಗಂಟಲಲ್ಲಿ, ಬೀದಿಗೆಲ್ಲ ಕೇಳುವಂತೆ. "ದೊಡ್ಡ ತುಂಡ್ ಹಾಕ್ ಇವ್ನಿಗೆ. ಸಾಯ್ಬ್ರ ಎದ್ರ್ ನನ್ನ ಪರ ಮಾತಾಡದ್ದ್ ಇವ ಒಬ್ನೇ."

ಅಕ್ಕ ಹಾಕಿದಳು. ಉಂಡೆ. ಭಾವ ಸಾಯುವತನಕ ಒಂದು ಭಾನುವಾರವೂ ತಪ್ಪಿಸಲಿಲ್ಲ.